ಸಂಚಕಾರ

ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವನಿಗೂ ಇನ್ನೊಬ್ಬರಿಂದ ಕನ್ನಡದ ಪಾಠ ಹೇಳಿಸಿಕೊಳ್ಳುವ ಪ್ರಸಂಗ ಬರುತ್ತದೆ. ನನಗೆ ಅದು ಬಂದದ್ದು ನಮ್ಮೂರಾದ ಕೊಂಕಲ್‌ನಲ್ಲಿ, ತೇವದಿಂದ ಉಬ್ಬಿದ ಒಂದು ಗೋಡೆಯ ಮುಂದೆ. ಪಾಠ ಹೇಳಿದವನು ನಳದ ಮಿಸ್ತ್ರಿ. ಪಾಠದ ವಿಷಯ, ಇಬ್ಬರು ಮನುಷ್ಯರು ಒಂದು ಕೆಲಸಕ್ಕೆ ಒಪ್ಪಿಕೊಳ್ಳುವುದು ಹೇಗೆ ಎಂಬುದು. ಆ ಕಥೆಯನ್ನೂ ಅದರಿಂದ ನಾನು ಕಲಿತ ನಾಲ್ಕು ಮಾತುಗಳನ್ನೂ ಈ ಹೊತ್ತು ಕೇಳುಗರಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

೨೦೧೮ರಲ್ಲಿ ನಿವೃತ್ತನಾದ ಮೇಲೆ ಊರಿನ ಹಳೆಯ ಮನೆಯಲ್ಲಿ ಇರಬೇಕೆಂದು ಮನಸ್ಸಾಯಿತು. ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆ. ನಾವು ಕೃಷ್ಣಾ ಭೀಮಾ ನದಿಗಳ ಸೀಮೆಯವರು. ಆದರೆ ನದಿಗಳ ಹೆಸರನ್ನು ಪೂಜೆಯಲ್ಲಿ ಹೇಳುತ್ತಲೇ ಕೊಡ ಹಿಡಿದು ಬಾವಿಯ ಹಾದಿ ನಡೆದವರು. ನನ್ನ ಬಾಲ್ಯದಲ್ಲಿ ನಮ್ಮ ಮನೆಗೆ ನೀರು ಬರುತ್ತಿದ್ದ ಹಾದಿ ಒಂದೇ: ಅವ್ವನ ತಲೆ. ಬೆಳಗಿನ ಜಾವ ಎರಡು ಕೊಡ ಹೊತ್ತು ಹೊಸ್ತಿಲು ದಾಟುವಾಗ ಅವಳು ತಲೆಬಾಗಿಲಿಗೆ ತಗುಲದಂತೆ ಮೊಣಕಾಲು ಬಗ್ಗಿಸುತ್ತಿದ್ದುದು ಇಂದಿಗೂ ನನ್ನ ಕಣ್ಣಿನಲ್ಲಿದೆ. ಆ ಮನೆಯ ಅಡುಗೆಯ ಕೋಣೆಯಲ್ಲಿ ತಿರುವಿದರೆ ನೀರು ಬೀಳಬೇಕು ಎಂಬುದು, ಅವ್ವ ಹೋದ ಮೇಲೆ ತಡವಾಗಿ ಹುಟ್ಟಿದ ನನ್ನ ಆಸೆ.

ಮೈಸೂರು ಕಡೆಯವರು 'ನಲ್ಲಿ' ಎನ್ನುವುದನ್ನು ನಮ್ಮ ಕಡೆ 'ನಳ' ಎನ್ನುತ್ತಾರೆ. ನಳವೆಂದರೆ ಒಳಗೆ ಟೊಳ್ಳಾದ ಜೊಂಡು. ಅದನ್ನು ಜೋಡಿಸುವವನಿಗೆ ಇಂಗ್ಲಿಷಿನವರು ಇಟ್ಟ 'ಪ್ಲಂಬರ್' ಎಂಬ ಹೆಸರಾದರೋ ಸೀಸಕ್ಕಿರುವ ಲ್ಯಾಟಿನ್ ಮಾತಿನಿಂದ ಬಂದದ್ದು. ರೋಮನರು ತಮ್ಮ ನಗರಗಳಿಗೆ ಸೀಸದ ಕೊಳವೆಗಳಲ್ಲಿ ನೀರು ಹರಿಸಿದ್ದರು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ನೆರೆಯ ವಿಜಯಪುರದಲ್ಲಿ ೧೬೫೧ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ಆದಿಲಶಾಹಿಗಳು ಮಣ್ಣಿನ ಕೊಳವೆಗಳ ಮೂಲಕ ಪಟ್ಟಣಕ್ಕೆ ನೀರು ತಂದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು, ಹೂಳು ತಳಕ್ಕೆ ನಿಲ್ಲಲೆಂದು, ನಡುನಡುವೆ 'ಗಂಜ್' ಎಂಬ ಕಲ್ಲಿನ ಗೋಪುರಗಳನ್ನು ಎಬ್ಬಿಸಿದರು. ಇವನ್ನೆಲ್ಲ ತರಗತಿಯಲ್ಲಿ ಸೊಗಸಾಗಿ ಹೇಳಬಲ್ಲವನಾದ ನಾನು ನನ್ನ ಮನೆಗೆ ನಳ ಹಾಕಿಸುವಾಗ ಏನು ಮಾಡಿದೆನೆಂಬುದನ್ನು ಇನ್ನು ಕೇಳಿರಿ.

೨೦೨೧ರ ಫೆಬ್ರುವರಿ. ಸುತ್ತಿನ ಹಳ್ಳಿಗಳಲ್ಲಿ ಒಳ್ಳೆಯ ಕೈಯೆಂದು ಹೆಸರಾದ ಒಬ್ಬ ತರುಣನನ್ನು ಕರೆಸಿದೆ. ಹತ್ತನೆಯ ತರಗತಿಯವರೆಗೆ ಓದಿದವನು. ಮುಂದಿನ ವಿದ್ಯೆಯನ್ನು ಬೆಂಗಳೂರಿನ ಕಟ್ಟಡಗಳಲ್ಲಿ ಕಲಿತವನು. ಮನೆಯನ್ನು ಸುತ್ತಿ ನೋಡಿದ. ಮಾಳಿಗೆಯ ಮೇಲೆ ಸಾವಿರ ಲೀಟರಿನ ಟಾಕಿ, ಅಡುಗೆಮನೆಗೆ ಒಂದು ನಳ, ಹಿತ್ತಲಿನ ಬಚ್ಚಲಿಗೆ ಎರಡು.

"ಎಷ್ಟು ಕೊಡಬೇಕು, ತಮ್ಮಾ?" ಎಂದೆ.

"ನೀವೇ ನೋಡಿ ಕೊಡ್ರಿ ಸರ್ರ," ಎಂದ.

'ನೋಡಿ ಕೊಡ್ರಿ' ಎಂಬುದು ನಮ್ಮ ಕಡೆಯ ಬಹಳ ಹಳೆಯ ಸೌಜನ್ಯ. ಕೇಳುವವನಿಗೆ ಬಾಯಿ ಬಿಟ್ಟು ಕೇಳಲು ಸಂಕೋಚ; ಕೊಡುವವನಿಗೆ ತಾನು ಉದಾರಿಯೆಂಬ ಸುಖ. ಎಷ್ಟು ನೋಡಬೇಕು, ಎಷ್ಟು ಕೊಡಬೇಕು ಎಂಬುದನ್ನು ಇಬ್ಬರೂ ತಮ್ಮ ತಮ್ಮ ಮನಸ್ಸಿನೊಳಗೇ ಬರೆದುಕೊಳ್ಳುತ್ತಾರೆ. ಎರಡು ಮನಸ್ಸುಗಳ ಬರಹ ಒಂದೇ ಆಗಿರುವುದು ಅಪರೂಪ. ಕೊನೆಗೆ ಕೂಲಿಗೆ ಹನ್ನೆರಡು ಸಾವಿರವೆಂದೂ ಸಾಮಾನು ನನ್ನದೆಂದೂ ಮಾತಾಯಿತು. ಮುಂಗಡವೆಂದು ಎಂಟು ಸಾವಿರ ಎಣಿಸಿಕೊಟ್ಟೆ. ಕಟ್ಟೆಯ ಮೇಲೆ, ಒಂದು ಕಪ್ಪು ಚಹಾ ಆರುವುದರೊಳಗೆ, ಎಲ್ಲವೂ ಮುಗಿಯಿತು.

ಕೆಲಸ ಮೊದಲಾಯಿತು. ಮೂರನೆಯ ದಿನ ನನಗೆ ಅಂಗಳದಲ್ಲಿಯೂ ಒಂದು ನಳವಿದ್ದರೆ ದನಗಳ ಬಾನಿಗೆ ಅನುಕೂಲವೆನ್ನಿಸಿತು. "ಅದೊಂದು ಹಾಕಿಬಿಡು," ಎಂದೆ. "ಆಗ್ಲಿರಿ," ಎಂದ. ನಾಲ್ಕನೆಯ ದಿನ ಪಡಸಾಲೆಯ ಹೊರಗೆ ಕೈತೊಳೆಯುವ ಬೇಸಿನ್ನು. "ಆಗ್ಲಿರಿ." ಐದನೆಯ ದಿನ ಪಕ್ಕದ ಅಣ್ಣನ ಮಗನ ಮನೆಗೆ ಅದೇ ಟಾಕಿಯಿಂದ ಒಂದು ಕವಲು. "ಆಗ್ಲಿರಿ." ಈ ಮೂರು 'ಆಗ್ಲಿರಿ'ಗಳ ಸ್ವರ ಒಂದಕ್ಕಿಂತ ಒಂದು ಇಳಿಯುತ್ತಿದ್ದುದನ್ನು ಛಂದಸ್ಸು ಕಲಿಸಿದ ನನ್ನ ಕಿವಿ ಗಮನಿಸಲಿಲ್ಲ.

ಅಡುಗೆಮನೆಗೆ ಹೋಗುವ ಕೊಳವೆ ನನ್ನ ಪುಸ್ತಕದ ಕೋಣೆಯ ಗೋಡೆಯನ್ನು ಕೊರೆದು ಹೋಗಬೇಕಾಗಿತ್ತು. ಜೋಡಣೆ ಮುಗಿದ ಸಂಜೆ ಅವನು, "ಇವತ್ತ ರಾತ್ರಿ ಹಾಂಗೇ ಬಿಡೋಣ್ರಿ. ಅಂಟು ಒಣಗಲಿ. ನಾಳೆ ನೀರು ತುಂಬಿ ನೋಡಿ ಮುಚ್ಚಿದ್ರ ಆಯ್ತು," ಎಂದ. ಆದರೆ ಗೌಂಡಿ ಗಿಲಾಯಿ ಮಾಡಲು ಸಿಮೆಂಟು ಕಲಸಿಕೊಂಡು ನಿಂತಿದ್ದ. ಎರಡು ದಿನದಲ್ಲಿ ಬೀಗರು ಬರುವವರಿದ್ದರು. "ನಿನ್ನ ಕೈ ಮೇಲೆ ನನಗೆ ನಂಬಿಕೆಯಿದೆ, ಮುಚ್ಚಿಬಿಡು," ಎಂದೆ. ಅವನು ಒಂದು ಗಳಿಗೆ ನಿಂತು, ಮುಚ್ಚಿಸಿದ.

ಲೆಕ್ಕದ ದಿನ ಅವನು ಐದು ಸಾವಿರ ಹೆಚ್ಚಿಗೆ ಕೇಳಿದ. ನನಗೆ ಸಿಟ್ಟು ಬಂತು. "ಹನ್ನೆರಡಕ್ಕೆ ಒಪ್ಪಿದ್ದೆಯಲ್ಲ? ಮಾತೆಂದರೆ ಮಾತು," ಎಂದೆ. ಉಳಿದ ನಾಲ್ಕು ಸಾವಿರವನ್ನು ತೆಗೆದುಕೊಂಡು ಮರುಮಾತಾಡದೆ ಹೋದ. ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಅಕ್ಟೋಬರದಲ್ಲಿ ಗೋಡೆ ಉಬ್ಬಿತು. ಕಪಾಟನ್ನು ಸರಿಸಿ ನೋಡುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಕೆಳಗಿನ ಎರಡು ಸಾಲುಗಳಲ್ಲಿ, ವಿದ್ಯಾರ್ಥಿ ದೆಸೆಯಲ್ಲಿ ನನ್ನ ಗುರುಗಳ ಪಾಠಗಳನ್ನು ಕೇಳಿ ಬರೆದುಕೊಂಡ ನೋಟು ಪುಸ್ತಕಗಳೂ ಶಾಸನಪದಗಳ ಅರ್ಥವನ್ನು ಒಂದೊಂದಾಗಿ ಗುರುತು ಹಾಕಿದ ಚೀಟಿಗಳ ಪೆಟ್ಟಿಗೆಯೂ ಇದ್ದವು. ಮಸಿ ಕರಗಿ ಹಾಳೆಗಳು ನೀಲಿಯ ಮುದ್ದೆಗಳಾಗಿದ್ದವು. ಮುದ್ರಿತ ಪುಸ್ತಕ ಮತ್ತೊಂದು ಪ್ರತಿ ಸಿಕ್ಕೀತು. ಗುರುವಿನ ಬಾಯಿಂದ ಬಂದ ಮಾತು ಎಲ್ಲಿ ಸಿಕ್ಕೀತು? ಆ ದಿನ ನಾನು ಊಟ ಮಾಡಲಿಲ್ಲ. ಮಿಸ್ತ್ರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಸುಗ್ಗಿಯಿಲ್ಲದ ದಿನಗಳಲ್ಲಿ ನಮ್ಮ ಕಡೆಯ ಎಷ್ಟೋ ಜನ ಮಾಡುವಂತೆ ಅವನು ಬೆಂಗಳೂರಿಗೆ ದುಡಿಯಲು ಹೋಗಿದ್ದ. ನಾನು ಕಟ್ಟೆಗೆ ಹೋಗಿ, ನಾಲ್ಕು ಜನರ ಮುಂದೆ, ಅವನೊಬ್ಬ ಮೋಸಗಾರನೆಂದು ಹೇಳಿದೆ. ಹಳ್ಳಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ ಮಾತು ಸಂಜೆಯೊಳಗೆ ನಾಲ್ಕು ಊರು ತಿರುಗುತ್ತದೆ.

ಯಾದಗಿರಿಯಲ್ಲಿ ವಕೀಲಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಹೋದೆ. ಅವನು ಶಾಂತವಾಗಿ ಕೇಳಿದ: ಯಾವ ಯಾವ ಕೆಲಸಕ್ಕೆ ಮಾತಾಗಿತ್ತು? ಎಂಥ ಕೊಳವೆ ಹಾಕಬೇಕೆಂದಿತ್ತು? ಗೋಡೆ ಮುಚ್ಚುವ ಮುಂಚೆ ಪರೀಕ್ಷೆ ಮಾಡಬೇಕೆಂದಿತ್ತೆ? ಸೋರಿದರೆ ಎಷ್ಟು ಕಾಲದವರೆಗೆ ಅವನ ಹೊಣೆ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವನು ನಕ್ಕು, "ಸರ್, ಪ್ರಶ್ನೆಪತ್ರಿಕೆಯನ್ನೇ ಕೊಡದೆ ಉತ್ತರಪತ್ರಿಕೆ ತಿದ್ದಲು ಕೂತಿದ್ದೀರಿ," ಎಂದ.

ಕಾನೂನಿನ ಮಾತನ್ನೂ ಅವನೇ ಬಿಡಿಸಿ ಹೇಳಿದ. ೧೮೭೨ರ ಭಾರತೀಯ ಒಪ್ಪಂದ ಕಾಯ್ದೆಯ ಹತ್ತನೆಯ ಕಲಮಿನ ಪ್ರಕಾರ ಒಪ್ಪಂದವಾಗಲು ಬೇಕಾದದ್ದು ಬಲವಂತವಿಲ್ಲದ ಸಮ್ಮತಿ, ಒಪ್ಪಲು ಅರ್ಹರಾದ ಜನ, ನ್ಯಾಯವಾದ ಪ್ರತಿಫಲ, ನ್ಯಾಯವಾದ ಉದ್ದೇಶ. ಸಾಮಾನ್ಯವಾಗಿ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಛಾಪಾ ಕಾಗದದ ಮೇಲೆ ಬರೆದಿಲ್ಲವೆಂಬ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಬರೆದ ಪತ್ರವನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಮುದ್ರಾಂಕ ಶುಲ್ಕವನ್ನು ದಂಡ ಸಹಿತ ತೆರಬೇಕಾಗಬಹುದು, ಅಷ್ಟೆ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. "ದಾರಿಗಳೇನೋ ಇವೆ, ಸರ್. ಆದರೆ ಏನು ಒಪ್ಪಿದ್ದಿರಿ ಎಂಬುದು ನಿಮಗೇ ಗೊತ್ತಿಲ್ಲದಿದ್ದರೆ ನ್ಯಾಯಾಧೀಶರಿಗೆ ಹೇಗೆ ಗೊತ್ತಾಗಬೇಕು?" ಎಂದ.

ಬಸ್ಸಿನಲ್ಲಿ ಊರಿಗೆ ಮರಳುವಾಗ ಒಂದು ಶಬ್ದ ನನ್ನನ್ನು ಕಾಡತೊಡಗಿತು. ನೀರಿನ ಪಾಲಾದ ಚೀಟಿಗಳಲ್ಲಿ ಅದೂ ಒಂದಾಗಿತ್ತು: 'ಸಂಚಕಾರ'. ಪ್ರಾಣಕ್ಕೆ ಸಂಚಕಾರ ಬಂತು, ಮಾನಕ್ಕೆ ಸಂಚಕಾರ ಬಂತು ಎಂದು ನಾವು ಇಂದು ಅಪಾಯವೆಂಬ ಅರ್ಥದಲ್ಲಿ ಆಡುವ ಈ ಮಾತಿನ ಮೂಲ ಸಂಸ್ಕೃತದ 'ಸತ್ಯಂಕಾರ'. ಹಿಂದೆ ಅದರ ಅರ್ಥ ಮುಂಗಡ ಹಣ, ನಮ್ಮ ಕಡೆಯ ವ್ಯಾಪಾರಿಗಳು 'ಬಯಾನಾ' ಎನ್ನುವುದು. ಆಡಿದ ಮಾತನ್ನು ಸತ್ಯ ಮಾಡುವ ಹಣವಾದ್ದರಿಂದ ಅದು ಸತ್ಯಂಕಾರ. ಮಾತನ್ನು ಸತ್ಯ ಮಾಡಲು ಹುಟ್ಟಿದ ಶಬ್ದ ನಮ್ಮ ಬಾಯಲ್ಲಿ ಸವೆದು ಸವೆದು ಅಪಾಯವೆಂಬ ಅರ್ಥಕ್ಕೆ ಬಂದು ನಿಂತಿತು. ಹೇಗೆ ಬಂತೆಂದು ನಾನು ವಿದ್ಯಾರ್ಥಿಗಳೆದುರು ಏನೇನೋ ಊಹೆಗಳನ್ನು ಹೇಳಿದ್ದುಂಟು. ಈಗ ಊಹೆ ಬೇಕಾಗಿರಲಿಲ್ಲ. ಎಂಟು ಸಾವಿರ ಸತ್ಯಂಕಾರ ಕೊಟ್ಟು ನಾನೇ ಸಂಚಕಾರ ತಂದುಕೊಂಡಿದ್ದೆ.

ಮುಂದಿನ ಯುಗಾದಿಗೆ, ಅಂದರೆ ೨೦೨೨ರಲ್ಲಿ, ಆ ಹುಡುಗ ಊರಿಗೆ ಬಂದ. ನಾನು ಕರೆಸಲಿಲ್ಲ, ಹಬ್ಬದ ಮರುದಿನ ಅವನೇ ಸುತ್ತಿಗೆ ಚಾಣಗಳ ಚೀಲ ಹಿಡಿದು ಬಾಗಿಲಲ್ಲಿ ನಿಂತ. "ನೀವು ಕಟ್ಟೀ ಮ್ಯಾಲ ಹೇಳಿದ್ದು ನಮ್ಮವ್ವನ ಕಿವಿಗೆ ಬಿತ್ರಿ," ಎಂದಷ್ಟೇ ಹೇಳಿ ಗೋಡೆ ಒಡೆಯತೊಡಗಿದ. ಒಂದು ಮೊಣಕೈ ಜೋಡಣೆಯಲ್ಲಿ, ಸೂಜಿಮೊನೆಯಷ್ಟು ಸಂದಿಯಿಂದ ನೀರು ಜಿನುಗುತ್ತಿತ್ತು. ಅಂಟು ಹಿಡಿಯುವ ಮುಂಚೆಯೇ ನೀರಿನ ಒತ್ತಡ ಬಿದ್ದದ್ದರ ಗುರುತು ಅದೆಂದ. ಆ ಸಂಜೆ ಗಿಲಾಯಿ ಮುಗಿಯುತ್ತಲೇ ಸಂಭ್ರಮದಿಂದ ಮೋಟಾರು ಹಚ್ಚಿದವನು ನಾನೇ.

"ಹಾಗಾದರೆ ತಪ್ಪು ನನ್ನದೇ?" ಎಂದೆ.

"ನಂದೂ ಅದರಿ ಸರ್ರ. ಮುಚ್ಚಂಗಿಲ್ಲ ಅಂತ ಗಟ್ಟಿಯಾಗಿ ಹೇಳ್ಬೇಕಾಗಿತ್ತು. ಮ್ಯಾಲಿನ ಮೂರು ಕೆಲಸಕ್ಕ ಬ್ಯಾರೆ ರೊಕ್ಕ ಆಗ್ತದಂತ ಅವತ್ತೇ ಹೇಳ್ಬೇಕಾಗಿತ್ತು. ನೀವು ದೊಡ್ಡವರು, ಹ್ಯಾಂಗ ಹೇಳೋದು ಅಂತ ಸುಮ್ಮನಾದೆ."

ಕೇಳುಗರೇ, ಈ ಕಥೆಯಲ್ಲಿ ನನ್ನನ್ನು ತಲೆತಗ್ಗಿಸುವಂತೆ ಮಾಡಿದ ಮಾತು ಇದು. ಬರೆದ ಕರಾರೆಂದರೆ ಅಪನಂಬಿಕೆಯ ಗುರುತೆಂದು, ಒಳ್ಳೆಯವರ ನಡುವೆ ಕಾಗದವೇಕೆಂದು ನಾನು ತಿಳಿದಿದ್ದೆ. ಆದರೆ ಬಾಯಿಮಾತಿನ ಒಪ್ಪಂದದಲ್ಲಿ ಬಾಯಿ ಇರುವುದು ಒಬ್ಬನಿಗೆ ಮಾತ್ರ. ವಯಸ್ಸು, ಹುದ್ದೆ, ಮನೆತನ ಇವುಗಳ ಭಾರವಿದ್ದವನು ಆಡುತ್ತಾನೆ. ಇಲ್ಲದವನು 'ಆಗ್ಲಿರಿ' ಎನ್ನುತ್ತಾನೆ. ಅವನ 'ಆಗ್ಲಿರಿ'ಯಲ್ಲಿ ಕಾಯ್ದೆ ಹೇಳುವ ಸ್ವತಂತ್ರ ಸಮ್ಮತಿ ಎಷ್ಟಿತ್ತು? ಮೊದಲೇ ಒಂದು ಹಾಳೆಯ ಮೇಲೆ ಬರೆದಿದ್ದರೆ, ಸಂಕೋಚದ ಮನುಷ್ಯ ತಾನು ಆಡಲಾರದ ಮಾತನ್ನು ಆ ಹಾಳೆಯ ಕಡೆಗೆ ಬೆರಳು ತೋರಿಸಿ ಆಡಬಹುದಾಗಿತ್ತು.

ಆ ದಿನ ಪಡಸಾಲೆಯಲ್ಲಿ ಇಬ್ಬರೂ ಕೂತು, ಗೋಡೆಯ ದುರಸ್ತಿ ಮತ್ತು ಉಳಿದ ಕೆಲಸಕ್ಕಾಗಿ ಕರಾರು ಬರೆದೆವು. ನಾನು ಪಾಂಡಿತ್ಯವನ್ನೆಲ್ಲ ಸುರಿದು ಮೊದಲ ಕಲಮನ್ನು ಹೀಗೆ ರಚಿಸಿದೆ: 'ಸದರಿ ಕಾಮಗಾರಿಯನ್ನು ಸಮರ್ಪಕವಾಗಿ ನಿರ್ವಹಿಸತಕ್ಕದ್ದು.' ಅವನು ಓದಿ, ಹಾಳೆಯಿಂದ ತಲೆಯೆತ್ತಿ, "ಸರ್ರ, ಸಮರ್ಪಕ ಅಂದ್ರ ಎಷ್ಟ್ರಿ?" ಎಂದ.

ಅದಕ್ಕೆ ನಾನು ಉತ್ತರ ಕೊಡಲಾರದೆ ಹೋದೆ. ಅಳೆಯಲಾಗದ ಮಾತಿನಿಂದ ಕವಿತೆಯಾದೀತು, ಕರಾರಾಗದು. 'ಸಮರ್ಪಕ'ವನ್ನು ಹೊಡೆದು ಹಾಕಿ ಅವನು ಹೇಳಿದಂತೆ ಬರೆದೆ: 'ಅಂಟು ಒಣಗಿದ ಮೇಲೆ ಕೊಳವೆಗಳಲ್ಲಿ ನೀರು ತುಂಬಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಇಬ್ಬರೂ ಕೂಡಿ ನೋಡಿದಾಗ ಯಾವ ಜೋಡಣೆಯಲ್ಲಿಯೂ ಹನಿಯಿರಬಾರದು. ಆ ಮೇಲೆಯೇ ಗೋಡೆ ಮುಚ್ಚಬೇಕು.'

ಇಂಥ ಬರವಣಿಗೆ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಕೆರೆ ಕಟ್ಟಿಸಿ ೧೩೬೯ರಲ್ಲಿ ನಿಲ್ಲಿಸಿದ ಸಂಸ್ಕೃತ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಒಂದೊಂದಾಗಿ ಎಣಿಸುತ್ತದೆ. ಆ ದೋಷಗಳಲ್ಲಿ ಒಂದು, ಕಟ್ಟೆಯಿಂದ ನೀರು ಒಸರುವುದು. ಕೆರೆ ಕಟ್ಟಿದವರಿಗೆ, ಅದನ್ನು ಕಾಪಾಡುವವರಿಗೆ ಯಾವ ಭೂಮಿ ಸಲ್ಲಬೇಕೆಂಬುದನ್ನು ನಮ್ಮ ಕನ್ನಡ ಶಾಸನಗಳು 'ಬಿತ್ತುವಟ್ಟ', 'ಕಟ್ಟುಕೊಡಗೆ' ಎಂಬ ಹೆಸರುಗಳಲ್ಲಿ ಗಡಿ ಸಹಿತ ಕಲ್ಲಿನಲ್ಲಿ ಕೊರೆದಿಟ್ಟಿವೆ. ಅಂದಿನವರು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲವೆಂದು ಯಾರಾದರೂ ಹೇಳುತ್ತಾರೆಯೆ? ಮನುಷ್ಯನ ನೆನಪಿಗಿಂತ ಕಲ್ಲಿನ ನೆನಪು ಉದ್ದವೆಂದು ಅವರು ಬಲ್ಲವರಾಗಿದ್ದರು.

ನಮ್ಮ ಹಾಳೆಯಲ್ಲಿ ಬಂದ ಉಳಿದ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಮನೆ ಕಟ್ಟಿಸುವವರಿಗೆ ಉಪಯೋಗವಾದೀತು. ಮೊದಲನೆಯದು ಕೆಲಸದ ಪಟ್ಟಿ: ಯಾವ ಕೋಣೆಗೆ ಎಷ್ಟು ನಳ, ಕೊಳವೆ ಎಲ್ಲಿಂದ ಎಲ್ಲಿಗೆ, ಟಾಕಿ ಎಷ್ಟು ಎತ್ತರದಲ್ಲಿ. ನೀರಿನ ಬಲವೆಲ್ಲ ಎತ್ತರದ್ದು. ಹತ್ತು ಮೀಟರು ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ನಮ್ಮ ಮಾಳಿಗೆಯ ನಾಲ್ಕು ಮೀಟರಿನಲ್ಲಿ ಅದರ ಅರ್ಧವೂ ಸಿಗದು. ಆದ್ದರಿಂದ ಟಾಕಿಯ ಕೆಳಗೆ ಕಟ್ಟೆ ಬೇಕೆಂದು ಅವನು ಹೇಳಿದ, ಅದನ್ನೂ ಬರೆದೆವು. ಗೋಡೆಯೊಳಗೆ ಕೊಳವೆ ಹೋಗುವ ದಾರಿಯ ನಕ್ಷೆಯನ್ನು ಹಾಳೆಯ ಹಿಂಬದಿಗೆ ಬಿಡಿಸಿದ. ನಾಳೆ ಯಾರಾದರೂ ಮೊಳೆ ಹೊಡೆಯುವ ಮುನ್ನ ಅದನ್ನು ನೋಡಬಹುದು. ಎರಡನೆಯದು ಸಾಮಾನು: ಯಾರು ಕೊಳ್ಳಬೇಕು, ಎಂಥದನ್ನು ಕೊಳ್ಳಬೇಕು. ಕುಡಿಯುವ ನೀರಿನ ಪಿವಿಸಿ ಕೊಳವೆಗೆ ಐಎಸ್ ೪೯೮೫, ಸಿಪಿವಿಸಿ ಕೊಳವೆಗೆ ಐಎಸ್ ೧೫೭೭೮ ಎಂಬ ಭಾರತೀಯ ಮಾನಕಗಳಿವೆ. ಕೊಳವೆಯ ಮೈಮೇಲೆ ಗುರುತನ್ನು ನೋಡಿಯೇ ಕೊಳ್ಳಬೇಕು. ಮೂರನೆಯದು ಕೂಲಿ ದಿನಗೂಲಿಯೋ ಗುತ್ತಿಗೆಯೋ ಎಂಬುದು. ದಿನಗೂಲಿಯಲ್ಲಿ ಕೆಲಸ ಬೆಳೆಯುವ ಭಯ. ಗುತ್ತಿಗೆಯಲ್ಲಿ ಕೆಲಸ ಅವಸರವಾಗುವ ಭಯ. ನಾವು ಗುತ್ತಿಗೆಯನ್ನು ಆರಿಸಿ, ಪರೀಕ್ಷೆಯ ಕಲಮಿನಿಂದ ಅವಸರಕ್ಕೆ ಕಡಿವಾಣ ಹಾಕಿದೆವು.

ನಾಲ್ಕನೆಯದು ಹಣದ ಕಂತು. ಮೂರನೆಯ ಒಂದು ಭಾಗ ಮುಂಗಡ, ಇನ್ನೊಂದು ಪರೀಕ್ಷೆ ಮುಗಿದು ಗೋಡೆ ಮುಚ್ಚುವ ದಿನ, ಕೊನೆಯದು ಎಲ್ಲ ನಳಗಳಲ್ಲಿ ನೀರು ಬಂದ ದಿನ. ಕೆಲಸಕ್ಕಿಂತ ಹಣ ಮುಂದೆ ಓಡಬಾರದು, ಬಹಳ ಹಿಂದೆಯೂ ಬೀಳಬಾರದು. ಐದನೆಯದು ಹೊಣೆಯ ಅವಧಿ: ಒಂದು ವರ್ಷದೊಳಗೆ ಜೋಡಣೆ ಸೋರಿದರೆ ಕೂಲಿಯಿಲ್ಲದೆ ದುರಸ್ತಿ. ಆರನೆಯದು, ಭಿನ್ನಾಭಿಪ್ರಾಯ ಬಂದರೆ ಇಬ್ಬರೂ ಒಪ್ಪಿದ ಒಬ್ಬ ಹಿರಿಯರ ಮುಂದೆ ಕೂರುವುದು. ತಡವಾದರೆ ದಿನಕ್ಕೆ ಐನೂರು ದಂಡವೆಂದು ಬರೆಯಲು ಹೊರಟ ನನ್ನನ್ನು ನನ್ನ ವಕೀಲ ಶಿಷ್ಯನ ಮಾತು ತಡೆಯಿತು. ಒಪ್ಪಂದದಲ್ಲಿ ದಂಡ ಎಷ್ಟೇ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರವನ್ನು ಮಾತ್ರವೆಂದು ಕಾಯ್ದೆಯ ೭೪ನೆಯ ಕಲಮು ಹೇಳುತ್ತದಂತೆ. ಹೆದರಿಸಲೆಂದೇ ಬರೆದ ಕಲಮು ಹೆದರಿಕೆಯನ್ನಷ್ಟೇ ಕೊಡುತ್ತದೆ, ಕೆಲಸವನ್ನು ಕೊಡುವುದಿಲ್ಲ.

ಏಳನೆಯ ಕಲಮನ್ನು ಅವನು ಕೇಳಿ ಬರೆಸಿದ: 'ಪಟ್ಟಿಯಲ್ಲಿಲ್ಲದ ಕೆಲಸವನ್ನು ಹೇಳಿದರೆ, ಅದರ ಕೂಲಿಯನ್ನು ಈ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದ ಮೇಲೆ ಕೆಲಸ ಮೊದಲಾಗಬೇಕು.' ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಎರಡು ಪ್ರತಿ ಮಾಡಿ, ಸಹಿ ಹಾಕಿ, ಒಂದೊಂದನ್ನು ಇಟ್ಟುಕೊಂಡೆವು.

ಆಮೇಲೆ ಹಳೆಯ ಬಾಕಿಯೆಂದು ಐದು ಸಾವಿರವನ್ನು ಅವನ ಮುಂದಿಟ್ಟೆ. ಅವನು ಎಣಿಸಿ, ಮೂರು ಸಾವಿರ ತೆಗೆದುಕೊಂಡು ಎರಡನ್ನು ಹಿಂದಕ್ಕೆ ಸರಿಸಿದ. "ಗ್ವಾಡಿ ಕೆಟ್ಟದ್ದರಾಗ ನಂದೂ ಪಾಲದರಿ," ಎಂದ. ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಹೇಳಿದ ಆ ತಾಯಿ ನಮ್ಮ ನೆರೆಯ ಲಿಂಗಸುಗೂರು ಸೀಮೆಯವಳು. ನೇಯ್ಗೆಯ ಕಾಯಕದ ದೇವರ ದಾಸಿಮಯ್ಯ ಸುರಪುರದ ಬಳಿಯ ಮುದನೂರಿನವನು. ಕಾಯಕದ ಬಗೆಗೆ ನಾನು ಕೊಟ್ಟ ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಕಾಯಕದವನು ಮನೆಗೆ ಬಂದಾಗ ಅವನ ಕೂಲಿಯ ಲೆಕ್ಕವನ್ನು ಮಾತ್ರ ನಾನು ಸರಿಯಾಗಿ ಮಾಡಿರಲಿಲ್ಲ.

ಇನ್ನೊಂದು ಬಾಕಿ ಉಳಿದಿತ್ತು, ಅದು ಹಣದ್ದಾಗಿರಲಿಲ್ಲ. ಅಂದು ಸಂಜೆ ಕಟ್ಟೆಗೆ ಹೋಗಿ, ಅದೇ ನಾಲ್ಕು ಜನರ ಮುಂದೆ, ಗೋಡೆ ಕೆಟ್ಟದ್ದು ನನ್ನ ಅವಸರದಿಂದ, ಆ ಹುಡುಗ ಮೋಸಗಾರನಲ್ಲ ಎಂದು ಹೇಳಿದೆ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಿದವನಿಗೆ ಆ ಎರಡು ವಾಕ್ಯಗಳನ್ನು ಹೇಳುವುದು ಸುಲಭವಾಗಲಿಲ್ಲ. ಮೊದಲ ಮಾತು ಹೋದಷ್ಟು ಊರುಗಳಿಗೆ ಎರಡನೆಯ ಮಾತೂ ಹೋಯಿತೋ ಇಲ್ಲವೋ ಎಂಬ ಅಳುಕು ಇಂದಿಗೂ ಇದೆ. ಈ ಮಾತನ್ನು ಆಕಾಶವಾಣಿಯಲ್ಲಿ ಹೇಳಲು ಒಪ್ಪಿದ್ದಕ್ಕೆ ಅದೂ ಒಂದು ಕಾರಣ.

ಕರಗಿಹೋದ ಚೀಟಿಗಳು ಮತ್ತೆ ಬರಲಿಲ್ಲ. ನೆನಪಿನಿಂದ ಕೆಲವನ್ನು ಹೊಸದಾಗಿ ಬರೆಯುತ್ತಿದ್ದೇನೆ. 'ಸಂಚಕಾರ' ಎಂಬ ಚೀಟಿಯನ್ನು ಎಲ್ಲಕ್ಕಿಂತ ಮೊದಲು ಬರೆದೆ. ಮೂಲ, ತದ್ಭವ, ಹಳೆಯ ಅರ್ಥ, ಈಗಿನ ಅರ್ಥ ಎಲ್ಲವನ್ನೂ ಕ್ರಮವಾಗಿ ಬರೆದು, 'ಪ್ರಯೋಗ' ಎಂಬಲ್ಲಿಗೆ ಬಂದಾಗ ಶಾಸನವನ್ನು ಹುಡುಕುವ ಬದಲು ಆ ಕರಾರಿನ ಹಾಳೆಯನ್ನೇ ಮಡಿಸಿ ಅದರ ಜೊತೆಗೆ ಇಟ್ಟೆ. ಪೆಟ್ಟಿಗೆ ಈಗ ಕಪಾಟಿನ ಮೇಲಿನ ಸಾಲಿನಲ್ಲಿದೆ. ಅಡುಗೆಮನೆಯಲ್ಲಿ ನೀರು ಬರುತ್ತದೆ. ಬೆಳಗಿನ ಜಾವ ನಳ ತಿರುವಿದಾಗ ಬೀಳುವ ಸದ್ದನ್ನು ಕೇಳುತ್ತ, ಹೊಸ್ತಿಲಲ್ಲಿ ಮೊಣಕಾಲು ಬಗ್ಗಿಸಿ ಒಳಗೆ ಬರುತ್ತಿದ್ದ ಅವ್ವನನ್ನು ನೆನೆಯುತ್ತೇನೆ. ಅವಳಿಗೆ ಹೊತ್ತು ತಂದ ನೀರಿನ ಲೆಕ್ಕವನ್ನು ಯಾರೂ ಬರೆದುಕೊಟ್ಟಿರಲಿಲ್ಲ.